ನಗರಸಭೆ ಕೆಲಸದಲ್ಲಿ ನಿಮ್ಮ ಗೋಡೆ ಬಿದ್ದರೆ ಪರಿಹಾರ ಪಡೆಯೋದು ಹೇಗೆ?

ಮೃಗಶಿರ ಮಳೆ ಹಿಡಿಯೋ ಮುಂಚೆ ಚಿಕ್ಕಮಗಳೂರಿನ ಬೀದಿಗಳಿಗೆ ಜೆಸಿಬಿ ಬರುತ್ತದೆ. ಚರಂಡಿ ಹೂಳು ತೆಗೆಯಬೇಕು, ಒಡೆದ ಪೈಪ್ ಬದಲಾಯಿಸಬೇಕು, ಅರ್ಧಕ್ಕೆ ನಿಂತ ರಸ್ತೆ ಮುಗಿಸಬೇಕು. ಎಲ್ಲವೂ ಆಗಲೇಬೇಕಾದ ಕೆಲಸಗಳೇ. ಆದರೆ ಆ ಗಡಿಬಿಡಿಯಲ್ಲಿ ಬಕೆಟ್ ತಾಗಿ ಒಬ್ಬರ ಕಾಂಪೌಂಡ್ ಬೀಳುತ್ತದೆ, ಇನ್ನೊಬ್ಬರ ಮನೆಯ ನೀರಿನ ಪೈಪ್ ತುಂಡಾಗುತ್ತದೆ, ಮತ್ತೊಂದು ಕಡೆ ಅಗೆದು ಬಿಟ್ಟ ಗುಂಡಿಯಲ್ಲಿ ನೀರು ನಿಂತು ಪಕ್ಕದ ಪಾಯ ಕುಸಿಯುತ್ತದೆ. ಬೇಕು ಅಂತ ಯಾರೂ ಮಾಡಿದ್ದಲ್ಲ. ಆದರೂ ನಷ್ಟ ನಷ್ಟವೇ ಅಲ್ವಾ?

ಆಮೇಲೆ ನಡೆಯೋದು ಬಹಳ ಜನರಿಗೆ ಗೊತ್ತಿರೋದೇ. ಡ್ರೈವರ್ "ಕಂಟ್ರಾಕ್ಟರ್‌ಗೆ ಹೇಳಿ ಸಾರ್" ಅಂತಾನೆ. ಕಂಟ್ರಾಕ್ಟರ್ "ಇಂಜಿನಿಯರ್ ಹೇಳಿದ ಕಡೆ ಅಗೆದಿದ್ದೇವೆ" ಅಂತಾರೆ. ಇಂಜಿನಿಯರ್ "ಮಾಡಿಸಿಕೊಡೋಣ, ಬಿಲ್ ಆಗಲಿ" ಅಂತಾರೆ. ವಾರ್ಡಿನ ಸದಸ್ಯರು "ನಾನು ಮಾತಾಡ್ತೀನಿ ಬಿಡಿ" ಅಂತಾರೆ. ಅಷ್ಟರಲ್ಲಿ ಆರಿದ್ರ, ಪುನರ್ವಸು, ಪುಷ್ಯ ಮಳೆಗಳು ಮುಗಿದಿರುತ್ತವೆ, ಗುಂಡಿ ಮುಚ್ಚಿರುತ್ತದೆ, ಜೆಸಿಬಿ ಯಾವ ಊರಲ್ಲಿದೆಯೋ ಗೊತ್ತಿಲ್ಲ, ನಿಮ್ಮ ಕೈಯಲ್ಲಿ ಒಂದು ತುಂಡು ಕಾಗದವೂ ಇರೋದಿಲ್ಲ.

ಇಂಥ ಜಗಳ ಬಗೆಹರಿಯೋದು ಒಂದೇ ಒಂದು ಕಾರಣದಿಂದ: ಪರಿಹಾರದ ಕಡತಕ್ಕೆ ಸಹಿ ಹಾಕೋ ಅಧಿಕಾರಿಗೆ ಧೈರ್ಯವಾಗಿ ಸಹಿ ಹಾಕೋಕೆ ಆಧಾರ ಸಿಕ್ಕಾಗ. ಆ ಆಧಾರವನ್ನು ಕಾಗದದ ಮೇಲೆ ಒದಗಿಸಬೇಕಾದವರು ನೀವೇ. ಕೂಗಾಡೋದರಿಂದ, ಫೇಸ್‌ಬುಕ್‌ನಲ್ಲಿ ಫೋಟೋ ಹಾಕೋದರಿಂದ ಗಮನ ಸಿಗಬಹುದು, ದುಡ್ಡು ಸಿಗೋದಿಲ್ಲ.

ಅಧಿಕಾರಿ ಯಾಕೆ ಹಿಂದೇಟು ಹಾಕುತ್ತಾರೆ

ನಗರಸಭೆಯ ಪ್ರತಿಯೊಂದು ರೂಪಾಯಿಗೂ ಲೆಕ್ಕ ಪರಿಶೋಧನೆ ಇದೆ. ನಿಮ್ಮ ಗೋಡೆಗೆ ಪೌರಾಯುಕ್ತರು ಸುಮ್ನೆ 40 ಸಾವಿರ ಕೊಟ್ಟರು ಅಂದುಕೊಳ್ಳಿ. ಆಮೇಲೆ ಆಡಿಟ್‌ನವರು ಕೇಳುತ್ತಾರೆ: ಯಾವ ಲೆಕ್ಕ ಶೀರ್ಷಿಕೆಯಲ್ಲಿ ಕೊಟ್ಟಿರಿ, ಯಾವ ಆದೇಶದ ಮೇಲೆ ಕೊಟ್ಟಿರಿ, ಗುತ್ತಿಗೆದಾರ ಕೊಡಬೇಕಾದ್ದನ್ನು ನಗರಸಭೆ ಯಾಕೆ ಕೊಟ್ಟಿತು? ಉತ್ತರ ಸರಿ ಇಲ್ಲದಿದ್ದರೆ ಆಕ್ಷೇಪಣೆ ಬರುತ್ತದೆ, ಕೆಲವೊಮ್ಮೆ ಅಧಿಕಾರಿಯಿಂದಲೇ ವಸೂಲಿ ಮಾಡಿ ಅಂತ ಬರೆಯುತ್ತಾರೆ. ಈ ಭಯ ನಿಜವಾದದ್ದು. ಒಳ್ಳೆಯ ಅಧಿಕಾರಿಗೂ ಇದೇ ಭಯ ಇರುತ್ತದೆ.

ಇದು ಅರ್ಥವಾದರೆ ನಿಮ್ಮ ಬೇಡಿಕೆಯ ರೂಪವೇ ಬದಲಾಗುತ್ತದೆ. ನಗದು ಪರಿಹಾರ ಕೊಡಿ ಅನ್ನೋದಕ್ಕಿಂತ "ಇದೇ ಗುತ್ತಿಗೆದಾರರಿಂದ ಗೋಡೆ ಮೊದಲಿದ್ದಂತೆ ಕಟ್ಟಿಸಿಕೊಡಿ, ಅಲ್ಲಿಯವರೆಗೆ ಅವರ ಅಂತಿಮ ಬಿಲ್ ತಡೆಹಿಡಿಯಿರಿ" ಅಂತ ಕೇಳೋದು ಎಷ್ಟೋ ಸುಲಭವಾಗಿ ಆಗುತ್ತದೆ. ಟೆಂಡರ್ ಕರೆದು ಕೊಟ್ಟ ಕಾಮಗಾರಿಯ ಒಪ್ಪಂದಗಳಲ್ಲಿ, ಕೆಲಸದ ವೇಳೆ ಬೇರೆಯವರ ಆಸ್ತಿಗೆ ಆದ ಹಾನಿ ಗುತ್ತಿಗೆದಾರರ ಹೊಣೆ ಅನ್ನೋ ಕಲಂ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅವರ ಭದ್ರತಾ ಠೇವಣಿಯೂ ನಗರಸಭೆ ಹತ್ತಿರವೇ ಇರುತ್ತದೆ. ಅಂದರೆ ಪೌರಾಯುಕ್ತರು ತಮ್ಮ ಖಜಾನೆ ಮುಟ್ಟದೆ ನಿಮ್ಮ ಸಮಸ್ಯೆ ಬಗೆಹರಿಸಬಹುದು. ಅಂತಿಮ ಬಿಲ್ ಪಾಸಾದ ಮೇಲೆ ಈ ಹಿಡಿತ ತುಂಬಾ ಸಡಿಲವಾಗುತ್ತದೆ, ಅದಕ್ಕೇ ಮೊದಲ ವಾರ ಇಷ್ಟು ಮುಖ್ಯ.

ಮೊದಲು ಮಾಡಬೇಕಾದ್ದು

ಗೋಡೆ ಬಿದ್ದ ಕೂಡಲೇ ಕಲ್ಲು, ಇಟ್ಟಿಗೆ ಎತ್ತಿ ಬದಿಗೆ ಹಾಕಬೇಡಿ. ಫೋಟೋ ತೆಗೆಯಿರಿ, ದೂರದಿಂದ ಒಂದಷ್ಟು, ಹತ್ತಿರದಿಂದ ಒಂದಷ್ಟು. ಜೆಸಿಬಿಯ ನಂಬರ್ ಪ್ಲೇಟ್, ಕಾಮಗಾರಿಯ ಬೋರ್ಡ್ ಇದ್ದರೆ ಅದು, ಪಕ್ಕದ ಮನೆ ಅಥವಾ ಕರೆಂಟ್ ಕಂಬ ಫ್ರೇಮಿನಲ್ಲಿ ಬರೋ ಹಾಗೆ ಇರಲಿ, ಜಾಗ ಯಾವುದು ಅಂತ ಆಮೇಲೆ ಯಾರೂ ಕೇಳಬಾರದು. ಅಳತೆ ಟೇಪು ಹಿಡಿದು ಬಿದ್ದ ಭಾಗದ ಉದ್ದ, ಎತ್ತರ, ದಪ್ಪ ತೋರಿಸಿ. ಒಂದು ವಿಡಿಯೋದಲ್ಲಿ ನಡೆದ ಜಾಗವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ಸೆರೆಹಿಡಿಯಿರಿ. ಈ ಫೈಲ್‌ಗಳನ್ನು ವಾಟ್ಸಾಪ್‌ನಲ್ಲಿ ಕಳಿಸಿ ಮೂಲವನ್ನು ಅಳಿಸಿಬಿಟ್ಟರೆ ಕಷ್ಟ. ಕೋರ್ಟ್ ತನಕ ಹೋದರೆ ಎಲೆಕ್ಟ್ರಾನಿಕ್ ದಾಖಲೆಗೆ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕಾಗುತ್ತದೆ, ಆಗ ಮೂಲ ಫೈಲ್ ಇದ್ದ ಫೋನ್ ಕೈಯಲ್ಲಿರೋದು ಒಳ್ಳೆಯದು.

ಇಬ್ಬರು ಅಕ್ಕಪಕ್ಕದವರ ಹೆಸರು, ಸಹಿ ಇರೋ ಒಂದು ಹೇಳಿಕೆಯನ್ನು ಅದೇ ದಿನ ಬರೆಸಿಕೊಳ್ಳಿ. ವಾಹನ ತಾಗಿ ಆದ ಹಾನಿಯಾದರೆ ಪೊಲೀಸ್ ಠಾಣೆಯಲ್ಲೂ ಒಂದು ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಡ್ರೈವರ್ ಮೇಲೆ ಕೇಸ್ ಹಾಕೋ ಉದ್ದೇಶ ಇಲ್ಲದಿದ್ದರೂ ಪರವಾಗಿಲ್ಲ, ಘಟನೆ ನಡೆದದ್ದಕ್ಕೆ ದಾಖಲೆ ಬೇಕು, ವಿಮೆಯವರೂ ಅದನ್ನೇ ಕೇಳುತ್ತಾರೆ.

ಉಳಿದ ಗೋಡೆ ವಾಲಿದ್ದು ಮಕ್ಕಳು ಓಡಾಡೋ ಜಾಗವಾದರೆ ಕಾಯುತ್ತಾ ಕೂರಬೇಡಿ. ಫೋಟೋ ತೆಗೆದು, ನಗರಸಭೆಗೆ ಒಂದು ಸಾಲಿನ ಲಿಖಿತ ಮಾಹಿತಿ ಕೊಟ್ಟು, ಅಪಾಯದ ಭಾಗ ಇಳಿಸಿ. ನಷ್ಟ ಜಾಸ್ತಿ ಆಗದ ಹಾಗೆ ನೋಡಿಕೊಳ್ಳೋದು ನಷ್ಟ ಕೇಳುವವರ ಕರ್ತವ್ಯವೂ ಹೌದು. ತಾತ್ಕಾಲಿಕ ತಗಡು, ಟಾರ್ಪಾಲಿನ ಬಿಲ್ ಕೂಡ ಇಟ್ಟುಕೊಳ್ಳಿ.

ಇದು ಯಾರ ಕೆಲಸ?

ಅರ್ಜಿಗಳು ಜಾಸ್ತಿ ಕಳೆದುಹೋಗೋದು ಇಲ್ಲೇ. ನಮ್ಮ ಕಣ್ಣಿಗೆ ರಸ್ತೆ ಅಗೆದವರೆಲ್ಲ "ನಗರಸಭೆಯವರು". ಆದರೆ ಊರೊಳಗಿನ ಎಲ್ಲ ರಸ್ತೆ ನಗರಸಭೆಯದ್ದಲ್ಲ. ಮೂಡಿಗೆರೆ ಕಡೆಯಿಂದ ಬಂದು ಕಡೂರು ಕಡೆ ಹೋಗೋದು ರಾಷ್ಟ್ರೀಯ ಹೆದ್ದಾರಿ 173. ಇನ್ನು ಕೆಲವು ಲೋಕೋಪಯೋಗಿ ಇಲಾಖೆಯವು. ಒಳಚರಂಡಿ ಮತ್ತು ನೀರಿನ ದೊಡ್ಡ ಯೋಜನೆಗಳನ್ನು ಎಷ್ಟೋ ಸಲ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಮಾಡಿಸುತ್ತದೆ. ಕರೆಂಟ್ ಕಂಬ ಚಿಕ್ಕಮಗಳೂರಿನಲ್ಲಿ ಮೆಸ್ಕಾಂನದ್ದು, ಹಾಸನಕ್ಕೆ ಹೋದರೆ ಸೆಸ್ಕ್‌ನದ್ದು. ಕೇಬಲ್ ಎಳೆಯೋರು ಖಾಸಗಿ ಕಂಪನಿಯವರಾಗಿರಬಹುದು, ಅವರಿಗೆ ರಸ್ತೆ ಅಗೆಯೋ ಅನುಮತಿ ಕೊಟ್ಟಿದ್ದಷ್ಟೇ ನಗರಸಭೆ. ಊರಿನ ಹೊರಗಿನ ಮನೆಯಾದರೆ ಗ್ರಾಮ ಪಂಚಾಯಿತಿ, ಅಲ್ಲಿ ಅರ್ಜಿ ಪಿಡಿಒ ಅವರಿಗೆ. ಕಡೂರು, ತರೀಕೆರೆ ಕಡೆಯ ಪುರಸಭೆಗಳಲ್ಲಿ, ಕೊಪ್ಪ, ಶೃಂಗೇರಿ ಪಟ್ಟಣ ಪಂಚಾಯಿತಿಗಳಲ್ಲಿ ಮುಖ್ಯಾಧಿಕಾರಿಗೆ.

ಗೊತ್ತಿಲ್ಲದಿದ್ದರೆ ಅನುಮಾನ ಇರೋ ಎಲ್ಲರಿಗೂ ಒಂದೇ ಪತ್ರದ ಪ್ರತಿ ಕೊಡಿ. "ಈ ಕಾಮಗಾರಿ ನಿಮ್ಮದಲ್ಲದಿದ್ದರೆ ಯಾರದ್ದು ಅಂತ ಲಿಖಿತವಾಗಿ ತಿಳಿಸಿ" ಅನ್ನೋ ಸಾಲು ಕೊನೆಯಲ್ಲಿ ಇರಲಿ.

ಜೊತೆಗೆ ಮಾಹಿತಿ ಹಕ್ಕಿನ ಅರ್ಜಿಯನ್ನೂ ಹಾಕಿ. 2005ರ ಕಾಯ್ದೆ ಪ್ರಕಾರ 30 ದಿನದಲ್ಲಿ ಉತ್ತರ ಕೊಡಬೇಕು. ಕರ್ನಾಟಕದಲ್ಲಿ ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಲಗತ್ತಿಸಬಹುದು. ಅರ್ಜಿ ಒಂದೇ ವಿಷಯದ ಬಗ್ಗೆ, 150 ಪದದೊಳಗೆ ಇರಬೇಕು ಅಂತ ನಮ್ಮ ರಾಜ್ಯದ ನಿಯಮ ಹೇಳುತ್ತದೆ, ಉದ್ದ ಬರೆದರೆ ಅದೇ ನೆಪ ಹೇಳಿ ವಾಪಸ್ ಕಳಿಸುತ್ತಾರೆ. ಕೇಳಬೇಕಾದ್ದು ಇಷ್ಟೇ: ಆ ದಿನ ಆ ರಸ್ತೆಯಲ್ಲಿ ನಡೆದ ಕಾಮಗಾರಿಯ ಕಾರ್ಯಾದೇಶದ ಪ್ರತಿ, ಒಪ್ಪಂದದ ಪ್ರತಿ, ಗುತ್ತಿಗೆದಾರರ ವಿಮೆಯ ಪ್ರತಿ, ಬಿಲ್ ಪಾವತಿಯ ಸ್ಥಿತಿ. "ಯಾಕೆ ಬಿತ್ತು, ಯಾರ ತಪ್ಪು" ಅಂತ ಕೇಳಬೇಡಿ, ಅದಕ್ಕೆ ಉತ್ತರ ಬರೋದಿಲ್ಲ. ಇರೋ ದಾಖಲೆಯನ್ನು ಕೇಳಿ. ಕಾಮಗಾರಿಯನ್ನು ಖುದ್ದಾಗಿ ಪರಿಶೀಲಿಸೋ ಹಕ್ಕೂ ಇದೇ ಕಾಯ್ದೆಯಲ್ಲಿದೆ. ಉತ್ತರ ಬರದಿದ್ದರೆ ಆ ಗಡುವು ಮುಗಿದ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಬೇಕು.

ಪತ್ರ ಹೀಗಿರಲಿ

ನಾನು ನೋಡಿರೋ ಹೆಚ್ಚಿನ ದೂರು ಪತ್ರಗಳಲ್ಲಿ ಅರ್ಧ ಪುಟ ನೋವು, ಎರಡು ಸಾಲು ವಿಷಯ ಇರುತ್ತದೆ. ಅದು ತಿರುಗಬೇಕು. ಒಂದು ಮಾದರಿ ನೋಡಿ:

"ದಿನಾಂಕ ಜೂನ್ 3, ಬೆಳಿಗ್ಗೆ ಸುಮಾರು 11 ಗಂಟೆಗೆ, ಕಲ್ಯಾಣ ನಗರದ ನಮ್ಮ ಮನೆಯ ಮುಂದೆ ಚರಂಡಿ ಹೂಳೆತ್ತುವಾಗ, ಕೆಎ 18 ನೋಂದಣಿಯ ಜೆಸಿಬಿ (ಪೂರ್ತಿ ನಂಬರ್ ಇಲ್ಲಿ) ತಾಗಿ ನಮ್ಮ ಪೂರ್ವ ದಿಕ್ಕಿನ ಕಾಂಪೌಂಡ್ 14 ಅಡಿ ಉದ್ದಕ್ಕೆ ಬಿದ್ದಿದೆ. ಗೋಡೆ ನಮ್ಮ ನಿವೇಶನದೊಳಗೆ ಇದೆ, ಇ-ಖಾತಾ ಮತ್ತು ಅನುಮೋದಿತ ನಕ್ಷೆ ಲಗತ್ತಿಸಿದೆ. ದುರಸ್ತಿ ವೆಚ್ಚದ ಅಂದಾಜು ಲಗತ್ತಿಸಿದೆ. ಏಳು ದಿನದೊಳಗೆ ಸ್ಥಳ ಪರಿಶೀಲಿಸಿ ಮಹಜರು ಮಾಡಿ, ಗುತ್ತಿಗೆದಾರರಿಂದ ಗೋಡೆ ಕಟ್ಟಿಸಿಕೊಡಬೇಕು, ಇಲ್ಲವಾದರೆ ಅಂದಾಜು ಮೊತ್ತವನ್ನು ಅವರ ಬಿಲ್‌ನಿಂದ ಕಡಿತ ಮಾಡಿ ಪಾವತಿಸಬೇಕು. ಅಲ್ಲಿಯವರೆಗೆ ಅಂತಿಮ ಬಿಲ್ ತಡೆಹಿಡಿಯಬೇಕು."

ಇಷ್ಟು ಸಾಕು. ಇದನ್ನು ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಮುದ್ರೆ, ದಿನಾಂಕ, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. "ಸಾಹೇಬರ ಟೇಬಲ್ ಮೇಲೆ ಇಟ್ಟುಬಿಡಿ" ಅಂದರೆ ಒಪ್ಪಬೇಡಿ, ನಯವಾಗಿಯೇ ನಿಂತು ಮುದ್ರೆ ಕೇಳಿ. ಕೊಡದಿದ್ದರೆ ಹೊರಗೆ ಬಂದು ಅಂಚೆ ಕಚೇರಿಯಿಂದ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಆ ರಸೀದಿ ಜೋಪಾನ.

ಇ-ಖಾತಾ ಯಾಕೆ ಲಗತ್ತಿಸಬೇಕು ಅಂದರೆ, ಪರಿಹಾರ ಕೇಳಿದ ಕೂಡಲೇ ಬರೋ ಮೊದಲ ಮಾತು "ನಿಮ್ಮ ಕಾಂಪೌಂಡೇ ಒತ್ತುವರಿ". ಕೆಲವೊಮ್ಮೆ ಅದು ನಿಜವೂ ಇರುತ್ತದೆ. ಆದ್ದರಿಂದ ಪತ್ರ ಬರೆಯೋ ಮುಂಚೆ ನಿಮ್ಮ ಸೈಟಿನ ಅಳತೆಯನ್ನು ನೀವೇ ಒಮ್ಮೆ ಹಿಡಿದು ನೋಡಿ. ಗೋಡೆ ಒಂದಡಿ ಚರಂಡಿ ಮೇಲೆ ಬಂದಿದ್ದರೆ ವಾದ ತುಂಬಾ ದುರ್ಬಲವಾಗುತ್ತದೆ.

ಮೊತ್ತದ ಬಗ್ಗೆ ಒಂದು ಮಾತು. ಮೇಸ್ತ್ರಿ ಬಾಯಲ್ಲಿ ಹೇಳಿದ ಲೆಕ್ಕ ಕಡತದಲ್ಲಿ ನಿಲ್ಲೋದಿಲ್ಲ. ಒಬ್ಬ ಸಿವಿಲ್ ಇಂಜಿನಿಯರ್ ಹತ್ತಿರ ಲೋಕೋಪಯೋಗಿ ಇಲಾಖೆಯ ದರಪಟ್ಟಿಯ, ಅಂದರೆ ಎಸ್‌ಆರ್ ದರದಲ್ಲಿ ಎಸ್ಟಿಮೇಟ್ ಮಾಡಿಸಿ. ನಗರಸಭೆ ಇಂಜಿನಿಯರ್ ಕೂಡ ಅದೇ ದರದಲ್ಲಿ ಲೆಕ್ಕ ಹಾಕೋದು, ಹಾಗಾಗಿ ಚೌಕಾಸಿ ಕಡಿಮೆ ಆಗುತ್ತದೆ. ಹಳೆಯ ಮಣ್ಣಿನ ಗೋಡೆ ಬಿದ್ದಿದ್ದಕ್ಕೆ ಗ್ರಾನೈಟ್ ಕ್ಲಾಡಿಂಗ್‌ನ ಗೋಡೆ ಕೇಳಬೇಡಿ. ಒಂದು ಉಬ್ಬಿಸಿದ ಅಂಕಿ ಕಂಡರೆ ಉಳಿದ ನಿಜವಾದ ಅಂಕಿಗಳ ಮೇಲೂ ಅನುಮಾನ ಬರುತ್ತದೆ. ಕೋಪಕ್ಕೆ ಆಸ್ತಿ ತೆರಿಗೆ ಕಟ್ಟೋದನ್ನೂ ನಿಲ್ಲಿಸಬೇಡಿ. ಎರಡಕ್ಕೂ ಸಂಬಂಧ ಇಲ್ಲ, ದಂಡ ಬೀಳೋದು ನಿಮಗೇ.

ಯಾವಾಗ ಹೊಣೆ, ಯಾವಾಗ ಇಲ್ಲ

ಜೆಸಿಬಿ ತಾಗಿದ ಪ್ರಕರಣ ಸುಲಭ, ಕಣ್ಣಿಗೆ ಕಾಣುತ್ತದೆ. ಮರ ಬಿದ್ದದ್ದು, ಚರಂಡಿ ಕಟ್ಟಿಕೊಂಡು ಮನೆಗೆ ನೀರು ನುಗ್ಗಿದ್ದು ಕಷ್ಟದ ಪ್ರಕರಣಗಳು. ಮಲೆನಾಡಿನ ಮಳೆ, ಗಾಳಿಗೆ ಬಿದ್ದದ್ದಕ್ಕೆ ನಗರಸಭೆ ಏನು ಮಾಡುತ್ತದೆ ಅಂತ ಅವರು ಕೇಳುತ್ತಾರೆ. ಈ ಪ್ರಶ್ನೆಗೆ ಸುಪ್ರೀಂ ಕೋರ್ಟ್‌ನ ಎರಡು ತೀರ್ಪು ಜೊತೆಯಾಗಿ ಓದಿದರೆ ದಾರಿ ಕಾಣುತ್ತದೆ. ಎರಡೂ ಪ್ರಾಣ ಹೋದ ಪ್ರಕರಣಗಳು, ಆದರೆ ತತ್ವ ಆಸ್ತಿಗೂ ಒಂದೇ.

ಮೊದಲನೆಯದು 1966ರದ್ದು. ದೆಹಲಿಯ ಚಾಂದನಿ ಚೌಕದಲ್ಲಿ ಗಡಿಯಾರ ಗೋಪುರ ಕುಸಿದು ಜನ ಸತ್ತಿದ್ದರು. ಗೋಪುರಕ್ಕೆ ಸುಮಾರು 80 ವರ್ಷ ಆಗಿತ್ತು, ಅಂಥ ಗಾರೆಯ ಕಟ್ಟಡದ ಆಯಸ್ಸು 40-45 ವರ್ಷ ಅಂತ ಸಾಕ್ಷ್ಯ ಬಂತು. ಹೊರಗಿನಿಂದ ದೋಷ ಕಾಣದಿದ್ದರೂ ಪರೀಕ್ಷಿಸಿ ನೋಡಬೇಕಾದ್ದು ಪಾಲಿಕೆಯ ಕರ್ತವ್ಯ ಅಂತ ಕೋರ್ಟ್ ಹೇಳಿ ಪಾಲಿಕೆಯನ್ನು ಹೊಣೆ ಮಾಡಿತು. ಎರಡನೆಯದು 1997ರ ರಾಜಕೋಟ್ ಪ್ರಕರಣ. ರಸ್ತೆ ಬದಿಯ ಮರ ಇದ್ದಕ್ಕಿದ್ದ ಹಾಗೆ ಬಿದ್ದು ಒಬ್ಬರು ತೀರಿಕೊಂಡರು. ಆ ಮರ ಬೀಳೋ ಸ್ಥಿತಿಯಲ್ಲಿದೆ ಅಂತ ಪಾಲಿಕೆಗೆ ಗೊತ್ತಿತ್ತು ಅನ್ನೋದಕ್ಕೆ ಆಧಾರ ಇಲ್ಲ ಅಂತ ಪಾಲಿಕೆ ಪಾರಾಯಿತು.

ಅಂದರೆ ಪ್ರಶ್ನೆ ಬಂದು ನಿಲ್ಲೋದು ಇಲ್ಲಿ: ಅಪಾಯ ಅವರಿಗೆ ಗೊತ್ತಿತ್ತಾ, ಅಥವಾ ಗೊತ್ತಾಗಬೇಕಿತ್ತಾ? ನಿಮ್ಮ ಮನೆ ಮುಂದಿನ ಮರ ವಾಲುತ್ತಿದ್ದರೆ, ಚರಂಡಿ ಕಟ್ಟಿಕೊಂಡಿದ್ದರೆ ಈಗಲೇ, ಏನೂ ಆಗೋ ಮುಂಚೆಯೇ, ಒಂದು ಪತ್ರ ಕೊಟ್ಟು ಮುದ್ರೆ ಹಾಕಿಸಿಡಿ. ಆ ಒಂದು ಹಾಳೆ ನಾಳೆ "ನಮಗೆ ಗೊತ್ತಿರಲಿಲ್ಲ" ಅನ್ನೋ ಉತ್ತರವನ್ನು ಮುಚ್ಚಿಹಾಕುತ್ತದೆ. ಮರದ ವಿಷಯದಲ್ಲಿ ಅರಣ್ಯ ಇಲಾಖೆಗೂ ಪ್ರತಿ ಹೋಗಲಿ, ಯಾಕೆಂದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಕಡಿಯೋಕೆ ಅನುಮತಿ ಕೊಡಬೇಕಾದ್ದು ಅಲ್ಲಿನ ವೃಕ್ಷಾಧಿಕಾರಿ. ಇಲ್ಲದಿದ್ದರೆ ಇಬ್ಬರೂ ಒಬ್ಬರ ಕಡೆ ಒಬ್ಬರು ಬೆರಳು ತೋರಿಸುತ್ತಾರೆ. ಚರಂಡಿಯ ದೂರು ಪೌರಾಡಳಿತ ನಿರ್ದೇಶನಾಲಯದ ಜನಹಿತ ಆ್ಯಪ್‌ನಲ್ಲಿ, ಅಥವಾ ಜನಸ್ಪಂದನ 1902ಕ್ಕೆ ಫೋನ್ ಮಾಡಿ ದಾಖಲಿಸಬಹುದು. ಆ ದೂರು ಸಂಖ್ಯೆಯ ಸ್ಕ್ರೀನ್‌ಶಾಟ್ ಕೂಡ ಆಧಾರವೇ.

ಉತ್ತರ ಬರದಿದ್ದರೆ

ಎರಡು ಮೂರು ವಾರದಲ್ಲಿ ಏನೂ ಆಗದಿದ್ದರೆ ಅದೇ ಪತ್ರದ ಪ್ರತಿಯೊಂದಿಗೆ ಜಿಲ್ಲಾಧಿಕಾರಿ ಕಚೇರಿಯಲ್ಲಿರೋ ಜಿಲ್ಲಾ ನಗರಾಭಿವೃದ್ಧಿ ಕೋಶದ ಯೋಜನಾ ನಿರ್ದೇಶಕರಿಗೆ ಬರೆಯಿರಿ. ನಗರಸಭೆಗಳ ಮೇಲುಸ್ತುವಾರಿ ಜಿಲ್ಲೆಯಲ್ಲಿ ಅವರ ಮೂಲಕವೇ ನಡೆಯೋದು. ಇಲ್ಲಿ ಎಷ್ಟೋ ಪ್ರಕರಣ ಮುಗಿದುಹೋಗುತ್ತವೆ.

ಆದರೆ ಮೇಲಿನವರಿಗೆ ಬರೆಯುತ್ತಾ ದಿನ ಕಳೆಯಬೇಡಿ. ಕಾನೂನಿನ ಗಡುವು ನಿಮ್ಮ ಮನವಿಗಳಿಗಾಗಿ ಕಾಯೋದಿಲ್ಲ. ಕಾಯ್ದೆಯ ಅಧಿಕಾರದಡಿ ಮಾಡಿದ ಕೆಲಸದಿಂದಾದ ನಷ್ಟಕ್ಕೆ ಪರಿಹಾರ ಕೇಳೋ ದಾವೆಗೆ 1963ರ ಕಾಲಮಿತಿ ಕಾಯ್ದೆಯ 72ನೇ ವಿಧಿಯಲ್ಲಿ ಇರೋದು ಒಂದೇ ವರ್ಷ. ಸ್ಥಳೀಯ ಸಂಸ್ಥೆಗಳ ಕಾಯ್ದೆಗಳು ದಾವೆಗೆ ಮುಂಚೆ ಲಿಖಿತ ನೋಟಿಸ್ ಕೇಳುತ್ತವೆ, ಗಡುವನ್ನೂ ಇನ್ನಷ್ಟು ಕಿರಿದು ಮಾಡುತ್ತವೆ. ಹಾಗಾಗಿ ಎಲ್ಲವೂ ಆರು ತಿಂಗಳೊಳಗೆ ಆಗಬೇಕು ಅಂತ ಲೆಕ್ಕ ಇಟ್ಟುಕೊಳ್ಳಿ. ಎದುರಿಗಿರೋದು ಲೋಕೋಪಯೋಗಿ ಇಲಾಖೆ, ಅಂದರೆ ರಾಜ್ಯ ಸರ್ಕಾರವಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಂ ಪ್ರಕಾರ ಎರಡು ತಿಂಗಳ ನೋಟಿಸ್ ಬೇಕು. ನೋಟಿಸ್ ಕೊಡದೆ ಹಾಕಿದ ದಾವೆ ಎಷ್ಟೇ ನ್ಯಾಯದ್ದಾದರೂ ಬಿದ್ದುಹೋಗಬಹುದು. ಎರಡನೇ ತಿಂಗಳು ಮುಗಿಯೋದರೊಳಗೆ ವಕೀಲರ ಮೂಲಕ ನೋಟಿಸ್ ಕಳಿಸಿಬಿಡಿ.

ಕಸದ ಗಾಡಿಯೋ, ಟ್ಯಾಂಕರೋ ಗೇಟಿಗೆ, ನಿಲ್ಲಿಸಿದ್ದ ಕಾರಿಗೆ ಗುದ್ದಿದ್ದರೆ ದಾರಿ ಬೇರೆ. ಮೋಟಾರು ವಾಹನ ಅಪಘಾತ ನ್ಯಾಯಮಂಡಳಿ ಪ್ರಾಣಹಾನಿ, ಗಾಯ ಮಾತ್ರವಲ್ಲ, ಮೂರನೆಯವರ ಆಸ್ತಿಯ ಹಾನಿಯನ್ನೂ ವಿಚಾರಿಸುತ್ತದೆ. ನೀವು ವಾಸವಿರೋ ಊರಿನಲ್ಲೇ ಅರ್ಜಿ ಹಾಕಬಹುದು. 2019ರ ತಿದ್ದುಪಡಿ ಇದಕ್ಕೆ ಆರು ತಿಂಗಳ ಮಿತಿ ಹಾಕಿದೆ, 2022ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ.

ಕೋರ್ಟ್ ಅಂದರೆ ವರ್ಷಗಟ್ಟಲೆ ಅಲೆದಾಟ ಅಂತ ಹಿಂಜರಿಯೋರಿಗೆ ನಾನು ಹೇಳೋದು ಲೋಕ ಅದಾಲತ್. ನ್ಯಾಯಾಲಯದ ಆವರಣದಲ್ಲಿರೋ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ, ದಾವೆ ಹಾಕೋ ಮುಂಚೆಯೇ, ಶುಲ್ಕ ಇಲ್ಲದೆ ಅರ್ಜಿ ಕೊಡಬಹುದು. ಅವರು ನಗರಸಭೆಯನ್ನು, ಗುತ್ತಿಗೆದಾರರನ್ನು ಕರೆಸಿ ಕೂರಿಸುತ್ತಾರೆ. ಒಪ್ಪಂದವಾದರೆ ಅದು ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಅಪೀಲು ಇಲ್ಲ. ಇದರ ನಿಜವಾದ ಶಕ್ತಿ ಅಡಗಿರೋದು ನಾನು ಮೊದಲು ಹೇಳಿದ ಆಡಿಟ್ ಭಯದಲ್ಲಿ. ಅದಾಲತ್‌ನ ಆದೇಶದ ಪ್ರತಿ ಕಡತದಲ್ಲಿದ್ದರೆ ಪೌರಾಯುಕ್ತರು ಯಾವ ಅಂಜಿಕೆಯೂ ಇಲ್ಲದೆ ಚೆಕ್‌ಗೆ ಸಹಿ ಹಾಕಬಹುದು. ನಿಮ್ಮ ಪರವಾಗಿರೋ ಅಧಿಕಾರಿಗೂ ಇದೇ ಅನುಕೂಲ, ಎಷ್ಟೋ ಸಲ ಅವರೇ "ಅದಾಲತ್‌ಗೆ ಹಾಕಿ" ಅಂತ ಸೂಚಿಸುತ್ತಾರೆ.

ನೀರು ಸರಬರಾಜು, ನೈರ್ಮಲ್ಯ, ವಿದ್ಯುತ್ ಸೇವೆಗೆ ಸೇರಿದ ವ್ಯಾಜ್ಯವಾದರೆ ಶಾಶ್ವತ ಲೋಕ ಅದಾಲತ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿ ಇದಕ್ಕೆ ಬೇರೆ ಅಧ್ಯಾಯವೇ ಇದೆ. ರಾಜಿ ಆಗದಿದ್ದರೂ ಅದು ತಾನೇ ತೀರ್ಮಾನ ಕೊಡಬಲ್ಲದು, ಒಂದು ಕೋಟಿ ರೂಪಾಯಿವರೆಗಿನ ವ್ಯಾಜ್ಯಕ್ಕೆ ಅಧಿಕಾರ ಇದೆ. ಒಳಚರಂಡಿ ಪೈಪ್ ಒಡೆದು ಮನೆಯೊಳಗೆ ಕೊಳಚೆ ನುಗ್ಗಿದ ಪ್ರಕರಣಗಳಿಗೆ ಇದು ಹೇಳಿ ಮಾಡಿಸಿದ ಜಾಗ. ಷರತ್ತು ಒಂದೇ, ಬೇರೆ ಕೋರ್ಟಿಗೆ ಹೋಗೋ ಮುಂಚೆ ಇಲ್ಲಿಗೆ ಬರಬೇಕು. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ಮನೆ ಖಾತೆ ಅಮ್ಮನ ಹೆಸರಲ್ಲೋ ಹೆಂಡತಿ ಹೆಸರಲ್ಲೋ ಇದ್ದರೆ ಅರ್ಜಿ ಅವರ ಹೆಸರಲ್ಲೇ ಹೋಗಬೇಕು ಅನ್ನೋದೂ ನೆನಪಿರಲಿ.

ಈ ನಡುವೆ ಗುತ್ತಿಗೆದಾರರು ಮನೆಗೆ ಬಂದು ಸ್ವಲ್ಪ ದುಡ್ಡು ಕೊಟ್ಟು "ಇನ್ನೇನೂ ತಕರಾರು ಇಲ್ಲ" ಅಂತ ಬರೆಸಿಕೊಳ್ಳೋಕೆ ನೋಡಬಹುದು. ಮೊತ್ತ ನಿಮಗೆ ಒಪ್ಪಿಗೆಯಾದರೆ ತಗೊಳ್ಳಿ, ತಪ್ಪೇನಿಲ್ಲ. ಆದರೆ ಅರ್ಧ ಕೊಟ್ಟು ಪೂರ್ತಿ ಮುಗಿಯಿತು ಅಂತ ಬರೆದಿರೋ ಕಾಗದಕ್ಕೆ ಸಹಿ ಹಾಕಬೇಡಿ. "ಭಾಗಶಃ ಪಾವತಿ, ಬಾಕಿ ಇಷ್ಟು" ಅಂತ ಸೇರಿಸಿ.

ನಿಮ್ಮಿಂದಲೇ ನಗರಸಭೆ ಆಸ್ತಿಗೆ ಹಾನಿಯಾದರೆ

ಮಂಜಿನಲ್ಲಿ ಕಾರು ಜಾರಿ ಬೀದಿದೀಪದ ಕಂಬ ಬಾಗಿತು, ಮನೆ ಪಾಯ ತೆಗೆಯುವಾಗ ನಲ್ಲಿ ಪೈಪ್ ಒಡೆಯಿತು. ಇದೂ ಆಗುತ್ತದೆ. ಹೆದರಿಸೋಕೆ "ಸಾರ್ವಜನಿಕ ಆಸ್ತಿ ಹಾನಿ ಕೇಸ್ ಹಾಕುತ್ತೇವೆ" ಅಂತ ಯಾರಾದರೂ ಹೇಳಬಹುದು. ಸಾರ್ವಜನಿಕ ಆಸ್ತಿ ಹಾನಿ ತಡೆ ಕಾಯ್ದೆ, 1984 ಹೇಳೋದು ಉದ್ದೇಶ ಅಥವಾ ಅರಿವು ಇಟ್ಟುಕೊಂಡು ಮಾಡಿದ ಹಾನಿಯ ಬಗ್ಗೆ. ಆಕಸ್ಮಿಕವಾಗಿ ಆದದ್ದು ಅದರೊಳಗೆ ಬರೋದಿಲ್ಲ. ಅಜಾಗರೂಕ ಚಾಲನೆ ಆಗಿದ್ದರೆ ಅದು ಬೇರೆ ವಿಷಯ, ಅದನ್ನು ಪೊಲೀಸರು ನೋಡುತ್ತಾರೆ.

ವಾಹನದಿಂದ ಆದ ಹಾನಿಯಾದರೆ ಮೊದಲು ವಿಮಾ ಕಂಪನಿಗೆ ತಿಳಿಸಿ. ಥರ್ಡ್ ಪಾರ್ಟಿ ವಿಮೆಯಲ್ಲಿ ಬೇರೆಯವರ ಆಸ್ತಿಗೆ ಸಾಮಾನ್ಯವಾಗಿ ಕಾರಿಗೆ 7.5 ಲಕ್ಷ, ಬೈಕಿಗೆ 1 ಲಕ್ಷ ರೂಪಾಯಿವರೆಗೆ ರಕ್ಷಣೆ ಇರುತ್ತದೆ. ಪ್ರೀಮಿಯಂ ಉಳಿಸೋಕೆ ಅದನ್ನು 6000ಕ್ಕೆ ಇಳಿಸಿಕೊಂಡಿದ್ದರೆ ಮಾತ್ರ ಅಷ್ಟೇ, ಪಾಲಿಸಿಯ ಆ ಸಾಲನ್ನು ಒಮ್ಮೆ ನೋಡಿ. ಕಂಪನಿಗೆ ಹೇಳದೆ ಸ್ಥಳದಲ್ಲೇ "ಪೂರ್ತಿ ನಾನೇ ಕಟ್ಟುತ್ತೇನೆ" ಅಂತ ಮುಚ್ಚಳಿಕೆ ಬರೆದುಕೊಟ್ಟರೆ ಆಮೇಲೆ ಕ್ಲೇಮ್‌ಗೆ ತೊಂದರೆ ಆಗುತ್ತದೆ.

ನಗರಸಭೆ ಕೇಳೋ ಮೊತ್ತಕ್ಕೂ ಲಿಖಿತ ಬೇಡಿಕೆ ನೋಟಿಸ್ ಮತ್ತು ಬಾಬ್ತುವಾರು ಎಸ್ಟಿಮೇಟ್ ಕೇಳಿ, ಎಸ್‌ಆರ್ ದರಕ್ಕೆ ಹೋಲಿಸಿ ನೋಡಿ. ಕಂಬ ಮಾತ್ರ ಬಾಗಿದ್ದು ದೀಪ, ಕೇಬಲ್ ಚೆನ್ನಾಗಿದ್ದರೆ ಅವುಗಳ ಬೆಲೆ ಯಾಕೆ ಸೇರಿದೆ ಅಂತ ಪತ್ರದಲ್ಲೇ ಕೇಳಿ. ದುಡ್ಡನ್ನು ಯಾರ ಕೈಗೂ ಕೊಡಬೇಡಿ, ಚಲನ್ ಮೂಲಕ ನಗರಸಭೆ ಖಾತೆಗೇ ಕಟ್ಟಿ, ನೋಟಿಸ್ ಸಂಖ್ಯೆ ನಮೂದಿಸಿದ ರಸೀದಿ ಮತ್ತು ಬಾಕಿ ಇಲ್ಲ ಅನ್ನೋ ಪತ್ರ ಎರಡನ್ನೂ ತಗೊಂಡು ಬನ್ನಿ.